ಹಳೆಯ ಲೇತ್, ದೂರದ ತಜ್ಞ: ವಿದ್ಯುತ್ ದೋಷ ಪತ್ತೆಯಲ್ಲಿ ದಾಖಲೆಯ ಪಾತ್ರ

ಲೆಕ್ಕಪರಿಶೋಧಕನೊಬ್ಬನು ಯಂತ್ರಗಳ ವಿದ್ಯುತ್ ದೋಷವನ್ನು ಕುರಿತು ಬರೆಯಹೊರಟರೆ ಸದಸ್ಯ ಬಾಂಧವರು ಹುಬ್ಬೇರಿಸುವುದು ಸಹಜ. ವಾಣಿಜ್ಯ ಪದವೀಧರನಾದ ನನಗೆ ಮೀಟರ್ ಹಿಡಿದು ಅಭ್ಯಾಸವಿಲ್ಲ. ಮನೆಯ ಫ್ಯೂಸ್ ಹೋದರೂ ಪಕ್ಕದ ಮನೆಯವರನ್ನು ಕೂಗುವವನು ನಾನು. ಆದರೆ ಕಕ್ಷಿದಾರರ ಕಾರ್ಯಾಗಾರಗಳಿಗೆ ಮೂವತ್ತು ವರ್ಷಗಳಿಂದ ಹೋಗಿಬರುತ್ತಿರುವ ನನಗೆ ಒಂದು ಸಂಗತಿ ಮನದಟ್ಟಾಗಿದೆ. ಸಣ್ಣ ಉದ್ಯಮಗಳ ಖರ್ಚಿನ ಪಟ್ಟಿಯಲ್ಲಿ 'ರಿಪೇರಿ' ಎಂಬ ಒಂದೇ ಶಬ್ದದಡಿ ಅಡಗಿರುವ ಹಣದಲ್ಲಿ ಗಣನೀಯ ಭಾಗವು ದೋಷವನ್ನು ಸರಿಪಡಿಸಲು ವ್ಯಯವಾದದ್ದಲ್ಲ, ದೋಷ ಎಲ್ಲಿದೆಯೆಂದು ತಿಳಿಯದೆ ವ್ಯಯವಾದದ್ದು.

ನಮ್ಮ ಭಾಗದ ಕಾರ್ಯಾಗಾರಗಳಲ್ಲಿ ಇಂದಿಗೂ ದುಡಿಯುತ್ತಿರುವ ಲೇತ್‌ಗಳಲ್ಲಿ ಅನೇಕವು ಮೂವತ್ತು, ನಲವತ್ತು ವರ್ಷ ಹಳೆಯವು. 1941ರಲ್ಲಿ ಹರಿಹರದಲ್ಲಿ ಸ್ಥಾಪನೆಗೊಂಡ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯೂ, 1953ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಎಚ್‌ಎಂಟಿಯೂ ಈ ನಾಡಿಗೆ ಲೇತ್‌ಗಳನ್ನು ಧಾರಾಳವಾಗಿ ಒದಗಿಸಿದವು. ಹರಿಹರದ ಆ ಕಾರ್ಖಾನೆ ಮುಚ್ಚಿ ಎರಡು ದಶಕಗಳೇ ಕಳೆದಿವೆ. ಯಂತ್ರ ಉಳಿದಿದೆ, ತಯಾರಕರಿಲ್ಲ. ಯಂತ್ರದೊಡನೆ ಬಂದ ವೈರಿಂಗ್ ನಕ್ಷೆ ಇಲಿಗಳ ಪಾಲಾಗಿದೆ ಅಥವಾ ಮೊದಲ ಮಾಲೀಕರ ಕಪಾಟಿನಲ್ಲಿದೆ. ಕಾಂಟ್ಯಾಕ್ಟರ್, ರಿಲೇಗಳ ತರ್ಕವನ್ನು ಬಲ್ಲ ಹಿರಿಯ ಮೇಸ್ತ್ರಿಗಳು ನಿವೃತ್ತರಾಗಿ ಮಕ್ಕಳ ಊರು ಸೇರಿದ್ದಾರೆ. ಹೀಗಾಗಿ ದೂರದಲ್ಲಿರುವ ತಜ್ಞರಿಂದ ಮೊಬೈಲ್ ಮೂಲಕ ಸಲಹೆ ಪಡೆದು ದೋಷ ಹುಡುಕುವ ಪದ್ಧತಿ ಅನಿವಾರ್ಯವಾಗಿ ಬೆಳೆದುಬಂದಿದೆ. ಅದು ಫಲಿಸುವುದೂ ಫಲಿಸದಿರುವುದೂ ತಜ್ಞರಿಗಿಂತ ಹೆಚ್ಚಾಗಿ ಯಂತ್ರದ ಬಳಿ ನಿಂತವರ ಕೈಯಲ್ಲಿದೆ ಎಂಬುದನ್ನು ನಾನು 2022ರ ಜೂನ್ ತಿಂಗಳಲ್ಲಿ ಕಣ್ಣಾರೆ ಕಂಡೆ.

ಹಾವೇರಿ ಜಿಲ್ಲೆಯ ತಾಲ್ಲೂಕು ಕೇಂದ್ರವೊಂದರಲ್ಲಿ ನನ್ನ ಕಕ್ಷಿದಾರರೊಬ್ಬರ ಕಾರ್ಯಾಗಾರವಿದೆ. ಟ್ರ್ಯಾಕ್ಟರ್ ಕೂರಿಗೆಗಳಿಗೆ ಶಾಫ್ಟ್‌ಗಳನ್ನು ಕಡೆದುಕೊಡುವುದು ಅವರ ಮುಖ್ಯ ಕೆಲಸ. ಮಾರ್ಚ್ ಅಂತ್ಯದ ಲೆಕ್ಕಗಳನ್ನು ಮುಗಿಸಲು ನಾನು ಹೋದ ದಿನ ಅವರ ಹಳೆಯ ಲೇತ್ ಕೈಕೊಟ್ಟಿತ್ತು. ಮೋಟಾರ್ ಚಾಲೂ ಆಗುತ್ತದೆ, ಐದು ನಿಮಿಷವೋ ಇಪ್ಪತ್ತು ನಿಮಿಷವೋ ಓಡುತ್ತದೆ, ತಾನಾಗಿಯೇ ನಿಲ್ಲುತ್ತದೆ. ಮತ್ತೆ ಗುಂಡಿ ಒತ್ತಿದರೆ ಕೂಡಲೇ ಓಡುತ್ತದೆ. ಅರ್ಧ ಕಡೆದ ಶಾಫ್ಟ್‌ನ ಮೇಲೆ ಉಳಿ ನಿಂತಲ್ಲೇ ಗೆರೆ ಬಿದ್ದು ಮಾಲು ಹಾಳಾಗುತ್ತಿತ್ತು. ಬಿತ್ತನೆಯ ಹಂಗಾಮು; ಶಾಫ್ಟ್‌ಗಳು ನಾಲ್ಕು ದಿನದಲ್ಲಿ ಹೋಗದಿದ್ದರೆ ಆ ವರ್ಷಕ್ಕೆ ಅವುಗಳನ್ನು ಕೇಳುವವರಿಲ್ಲ. ಸ್ಥಳೀಯ ಎಲೆಕ್ಟ್ರಿಷಿಯನ್ ಮೋಟಾರ್ ಬಿಚ್ಚಿ ರಿವೈಂಡಿಂಗ್‌ಗೆ ಕಳಿಸೋಣವೆಂದಿದ್ದ. ಮಾಲೀಕರು ಒಂದು ಹೆಜ್ಜೆ ಮುಂದೆ ಹೋಗಿ, ಹೊಸ ಯಂತ್ರಕ್ಕೆ ಬ್ಯಾಂಕ್ ಸಾಲದ ಕಾಗದಪತ್ರ ಸಿದ್ಧಪಡಿಸಿ ಎಂದು ನನ್ನನ್ನೇ ಕೇಳಿದರು.

ಕೊನೆಯ ಪ್ರಯತ್ನವೆಂದು, ಬೆಂಗಳೂರಿನಲ್ಲಿ ಮಗನ ಮನೆಯಲ್ಲಿರುವ ನಿವೃತ್ತ ದುರಸ್ತಿ ಫೋರ್‌ಮನ್ ಒಬ್ಬರಿಗೆ ಫೋನ್ ಮಾಡಿದರು. ನಡುವೆ ಮುನ್ನೂರಕ್ಕೂ ಹೆಚ್ಚು ಕಿಲೋಮೀಟರ್ ಅಂತರ.

ನೋಡಿದ್ದು ಬೇರೆ, ಊಹಿಸಿದ್ದು ಬೇರೆ

ಎಲೆಕ್ಟ್ರಿಷಿಯನ್ ಹುಡುಗ ಫೋನ್ ಹಿಡಿದು, "ಸರ್, ಮೋಟಾರ್ ಬಿಸಿಯಾಗಿ ಟ್ರಿಪ್ ಆಗ್ತದ್ರಿ" ಎಂದ. ಅತ್ತಲಿಂದ ಬಂದ ಉತ್ತರ ನನ್ನ ವೃತ್ತಿಯವರೆಲ್ಲ ಬರೆದಿಟ್ಟುಕೊಳ್ಳುವಂಥದು: "ತಮ್ಮಾ, ನೀ ಕಣ್ಣಿಲೆ ನೋಡಿದ್ದು ಮೊದಲ ಹೇಳು. ತಿಳಕೊಂಡಿದ್ದು ಆಮೇಲೆ ಹೇಳುವಂತಿ."

ನಂತರ ಪ್ರಶ್ನೆಗಳು ಒಂದೊಂದಾಗಿ ಬಂದವು. ಯಂತ್ರ ನಿಂತಾಗ ಪ್ಯಾನೆಲ್‌ನೊಳಗೆ 'ಟಕ್' ಎಂಬ ಸಪ್ಪಳ ಬರುತ್ತದೆಯೇ? ಬರುತ್ತದೆ. ಅಂದರೆ ಕಾಂಟ್ಯಾಕ್ಟರ್ ಬಿಟ್ಟುಕೊಳ್ಳುತ್ತಿದೆ. ಅದು ಹಿಡಿದುಕೊಂಡಿದ್ದೂ ಮೋಟಾರ್ ನಿಲ್ಲುವುದು ಬೇರೆಯೇ ರೋಗ. ಲೇತ್ ಮೇಲಿನ ಸಣ್ಣ ದೀಪ ಆಗ ಆರುತ್ತದೆಯೇ? ಆರುವುದಿಲ್ಲ. ಆ ದೀಪಕ್ಕೂ ಕಂಟ್ರೋಲ್ ಸರ್ಕ್ಯೂಟಿಗೂ ವಿದ್ಯುತ್ ಕೊಡುವುದು ಒಂದೇ ಟ್ರಾನ್ಸ್‌ಫಾರ್ಮರ್ ಎಂದು ಕೇಳಿ ಖಚಿತಪಡಿಸಿಕೊಂಡ ಮೇಲೆ, ಲೈನ್ ಹೋಗಿಬರುತ್ತಿಲ್ಲ ಎಂದು ಅವರು ನಿರ್ಧರಿಸಿದರು. ನಿಂತ ಮೇಲೆ ಓವರ್‌ಲೋಡ್ ರಿಲೇಯ ಗುಂಡಿಯನ್ನು ಒತ್ತಬೇಕಾಗುತ್ತದೆಯೇ, ಇಲ್ಲವೇ ಸ್ವಲ್ಪ ಹೊತ್ತು ಕಾಯಬೇಕೇ? ಎರಡೂ ಇಲ್ಲ, ಕೂಡಲೇ ಚಾಲೂ ಆಗುತ್ತದೆ. ಇಷ್ಟಕ್ಕೇ 'ಮೋಟಾರ್ ಬಿಸಿ' ಎಂಬ ವಾದ ಬಿದ್ದುಹೋಯಿತು. ಶಾಖದಿಂದ ಬಿಟ್ಟುಕೊಂಡ ರಿಲೇ ತಾನಾಗಿ ಕೂಡುವಂತೆ ಹೊಂದಿಸಿದ್ದರೂ ತಣಿಯಲು ಕೆಲವು ನಿಮಿಷ ಬೇಕು. ಕೂಡಲೇ ಓಡುವ ಯಂತ್ರದಲ್ಲಿ ಅದು ಕಾರಣವಾಗಲಾರದು.

ಕೊನೆಯ ಪ್ರಶ್ನೆಗೆ ಉತ್ತರ ಕೊಟ್ಟವನು ಎಲೆಕ್ಟ್ರಿಷಿಯನ್ ಅಲ್ಲ, ಲೇತ್ ನಡೆಸುವ ಕೆಲಸಗಾರ. ಯಾವ ವೇಗದಲ್ಲಿ ಹೆಚ್ಚು ನಿಲ್ಲುತ್ತದೆ? ಮೇಲಿನ ಗೇರಿನಲ್ಲಿ, ಯಂತ್ರ ನಡುಗುವಾಗ. ಆ ಮಾತನ್ನು ಅದುವರೆಗೆ ಅವನನ್ನು ಯಾರೂ ಕೇಳಿರಲಿಲ್ಲ.

ಇಂಥ ಹೇಳಿಕೆಗಳಿಂದಲೇ ಎಷ್ಟೋ ದೋಷಗಳ ನೆಲೆ ಗೊತ್ತಾಗುತ್ತದೆಂದು ಅವರು ಅನಂತರ ನನಗೆ ವಿವರಿಸಿದರು. ಮೋಟಾರ್ ಗುಂಯ್‌ಗುಡುತ್ತ ತಿರುಗದಿದ್ದರೆ ಮೂರು ಫೇಸ್‌ಗಳಲ್ಲಿ ಒಂದು ತಪ್ಪಿರುವ ಸಂಭವ ಹೆಚ್ಚು. ಆಗ ಕೆಲವೇ ಕ್ಷಣಗಳಲ್ಲಿ ಬಂದ್ ಮಾಡದಿದ್ದರೆ ಸುರುಳಿ ಸುಡುತ್ತದೆ. ಸ್ಟಾರ್ಟ್ ಗುಂಡಿ ಒತ್ತಿ ಹಿಡಿದಷ್ಟು ಹೊತ್ತು ಓಡಿ, ಬಿಟ್ಟೊಡನೆ ನಿಂತರೆ, ಕಾಂಟ್ಯಾಕ್ಟರನ್ನು ಹಿಡಿದಿಡುವ ಸಹಾಯಕ ಕಾಂಟ್ಯಾಕ್ಟ್ ಅಥವಾ ಅದರ ತಂತಿಯನ್ನು ನೋಡಬೇಕು. ಕಾಂಟ್ಯಾಕ್ಟರ್ ಗರಗರ ಸದ್ದು ಮಾಡಿದರೆ ವೋಲ್ಟೇಜ್ ಕಡಿಮೆ, ಇಲ್ಲವೇ ಅದರ ಕಬ್ಬಿಣದ ಮುಖಗಳ ನಡುವೆ ಧೂಳು ಸೇರಿದೆ, ಇಲ್ಲವೇ ಅಲ್ಲಿರುವ ಚಿಕ್ಕ ತಾಮ್ರದ ಬಳೆ ಮುರಿದಿದೆ. ಸ್ವಿಚ್ ಹಾಕಿದ ಕ್ಷಣವೇ ಎಂಸಿಬಿ ಬೀಳುವುದಕ್ಕೂ, ಹತ್ತು ನಿಮಿಷ ಓಡಿ ಬೀಳುವುದಕ್ಕೂ ಅಜಗಜಾಂತರ: ಮೊದಲನೆಯದು ಬಹುತೇಕ ಶಾರ್ಟ್, ಎರಡನೆಯದು ಅಧಿಕ ಭಾರ ಅಥವಾ ಸಡಿಲ ಜೋಡಣೆಯ ಶಾಖ. ಮಳೆಗಾಲದ ಮೊದಲ ವಾರದಲ್ಲಿ, ತಿಂಗಳುಗಟ್ಟಲೆ ನಿಂತಿದ್ದ ಮೋಟಾರ್ ಬೀಳಿಸಿದರೆ ತೇವವನ್ನೂ ಶಂಕಿಸಿ ಮೆಗ್ಗರ್ ಹಿಡಿಸಬೇಕು. 'ಓಡುತ್ತಿಲ್ಲ' ಎಂಬ ಒಂದು ಮಾತಿನಲ್ಲಿ ಈ ಯಾವ ವ್ಯತ್ಯಾಸವೂ ಇಲ್ಲ.

ಟೆಸ್ಟರ್ ಎಂಬ ಸಾಕ್ಷಿಯ ವಿಶ್ವಾಸಾರ್ಹತೆ

ನಮ್ಮಲ್ಲಿ ಪ್ರತಿಯೊಬ್ಬನ ಜೇಬಿನಲ್ಲೂ ಇರುವ ಟೆಸ್ಟರ್ ಸ್ಕ್ರೂಡ್ರೈವರ್ ಬಗ್ಗೆ ಅವರಿಗೆ ಬಹಳ ಸಿಟ್ಟು. ಅದರೊಳಗಿನ ದೀಪ ಹೊತ್ತಿದರೆ ವಿದ್ಯುತ್ತಿನ ಯಾವುದೋ ಸುಳಿವಿದೆ ಎಂದಷ್ಟೇ ಅರ್ಥ, ಎಷ್ಟಿದೆಯೆಂದು ತಿಳಿಯದು. ನ್ಯೂಟ್ರಲ್ ಎಲ್ಲೋ ಕಡಿದಿದ್ದರೆ ಉಪಕರಣದ ಮೂಲಕ ಹಾದುಬಂದ ವಿದ್ಯುತ್ತಿನಿಂದ ನ್ಯೂಟ್ರಲ್ ತಂತಿಯೇ ದೀಪ ಹೊತ್ತಿಸುತ್ತದೆ. ಹಗಲಿನ ಬೆಳಕಿನಲ್ಲಿ ಹೊತ್ತಿದ್ದೂ ಕಾಣದೆ, 'ಲೈನ್ ಇಲ್ಲ' ಎಂದು ಕೈಹಾಕಿದವರಿದ್ದಾರೆ. ಡಿಜಿಟಲ್ ಮಲ್ಟಿಮೀಟರ್ ಇದಕ್ಕಿಂತ ಎಷ್ಟೋ ಉತ್ತಮವಾದರೂ, ಎರಡೂ ತುದಿ ಬಿಚ್ಚಿಟ್ಟ ತಂತಿ ಬೇರೆ ತಂತಿಗಳ ಪಕ್ಕದಲ್ಲಿ ಹಾದಿದ್ದರೆ ಹತ್ತಾರು ವೋಲ್ಟ್‌ಗಳ ಸುಳ್ಳು ಲೆಕ್ಕ ತೋರಿಸುವುದುಂಟು. ಆದುದರಿಂದ ದೂರದವರಿಗೆ ಅಳತೆ ತಿಳಿಸುವಾಗ ಮೀಟರಿನ ಎರಡು ಕಡ್ಡಿಗಳನ್ನು ಯಾವ ಯಾವ ನಂಬರಿನ ಟರ್ಮಿನಲ್‌ಗಳಿಗೆ ಹಿಡಿದಿದ್ದೆವು, ಮೀಟರ್ ಯಾವ ಸ್ಥಾನದಲ್ಲಿತ್ತು ಎಂಬುದನ್ನೂ ಹೇಳಬೇಕು. ಖಾತೆಯ ಹೆಸರಿಲ್ಲದ ಮೊತ್ತದಂತೆ, ಟರ್ಮಿನಲ್ ನಂಬರಿಲ್ಲದ ವೋಲ್ಟೇಜ್ ಯಾರಿಗೂ ಉಪಯೋಗವಿಲ್ಲ.

ಫೋರ್‌ಮನ್ನರು ಆ ದಿನ ವಿದ್ಯುತ್ ಹರಿಯುತ್ತಿರುವಾಗ ಒಂದೇ ಒಂದು ಅಳತೆಯನ್ನೂ ತೆಗೆಯಗೊಡಲಿಲ್ಲ. 415 ವೋಲ್ಟ್‌ಗಳ ಪ್ಯಾನೆಲಿನೊಳಗೆ, ತಾನು ಕಾಣದ ಕೈಗೆ ಆದೇಶ ಕೊಡುವ ಹಕ್ಕು ತನಗಿಲ್ಲವೆಂಬುದು ಅವರ ನಿಲುವು. ಮೇನ್ ಸ್ವಿಚ್ ಇಳಿಸಿ, ಮೂರೂ ಫ್ಯೂಸ್‌ಗಳನ್ನು ಕಿತ್ತು ಮಾಲೀಕರ ಮೇಜಿನ ಮೇಲೆ ಇಡಿಸಿದರು. ಇಟ್ಟದ್ದರ ಚಿತ್ರವನ್ನೂ ಮೊಬೈಲಿನಲ್ಲಿ ತರಿಸಿಕೊಂಡರು. ಬಳಿಕ ಪ್ಯಾನೆಲ್‌ನ ಚಿತ್ರ ಕೇಳಿದರು: ಮೊದಲು ಇಡೀ ಪ್ಯಾನೆಲ್, ನಂತರ ನಾಲ್ಕು ಭಾಗಗಳಾಗಿ, ತಂತಿಗಳ ಮೇಲಿನ ನಂಬರಿನ ಉಂಗುರಗಳು ಓದುವಂತೆ. ಮೋಟಾರಿನ ಹೆಸರುಫಲಕದ ಚಿತ್ರವೂ ಹೋಯಿತು: 5 ಅಶ್ವಶಕ್ತಿ, ಏಳೂವರೆ ಆಂಪಿಯರ್.

ಚಿತ್ರಗಳನ್ನು ನೋಡಿ ಅವರು ಒಂದು ಮಾತು ಹೇಳಿದರು. "ಎಲ್ಲಾ ತಂತಿಗೂ ನಂಬರ್ ಅದಾವ, ಆ ಕೆಂಪು ತಂತಿಗೆ ಒಂದಕ್ಕ ಇಲ್ಲ. ಇರಲಿ, ಆಮೇಲೆ ನೋಡೋಣು." ನಂಬರಿಲ್ಲದ ವೋಚರ್ ಕಂಡರೆ ನನ್ನ ಕಣ್ಣೂ ಹೀಗೆಯೇ ಅಲ್ಲಿ ನಿಲ್ಲುತ್ತದೆ.

ತಾಳೆಪಟ್ಟಿಯ ದಾರಿ

ತಾಳೆಪಟ್ಟಿ ಹೊಂದದಿದ್ದಾಗ ಬುದ್ಧಿವಂತ ಗುಮಾಸ್ತನು ಮೊದಲ ಪುಟದಿಂದ ಪ್ರತಿ ನಮೂದನ್ನೂ ತಿರುವುವುದಿಲ್ಲ. ವ್ಯತ್ಯಾಸ ಒಂಬತ್ತರಿಂದ ಭಾಗವಾದರೆ ಅಂಕಿಗಳು ಅದಲುಬದಲಾಗಿರಬಹುದೆಂದು ಶಂಕಿಸುತ್ತಾನೆ. ಆರು ತಿಂಗಳಿಗೆ ಒಮ್ಮೆ ತಾಳೆ ನೋಡಿ, ತಪ್ಪು ಯಾವ ಅರ್ಧದಲ್ಲಿದೆಯೆಂದು ಗೊತ್ತುಮಾಡಿಕೊಂಡು ಆ ಅರ್ಧವನ್ನು ಮತ್ತೆ ಸೀಳುತ್ತಾನೆ. ಸರಣಿಯಲ್ಲಿ ಎಂಟು ಜೋಡಣೆಗಳಿದ್ದು ದೋಷ ಒಂದೇ ಕಡೆ ಇದ್ದರೆ, ಈ ಕ್ರಮದಲ್ಲಿ ಮೂರೇ ಪರೀಕ್ಷೆಗಳು ಸಾಕು.

ಅವರ ಲೇತ್‌ನ ಕಂಟ್ರೋಲ್ ಸರ್ಕ್ಯೂಟನ್ನು ನಕ್ಷೆಯಿಲ್ಲದೆ, ನಂಬರುಗಳಿಂದಲೇ ಫೋರ್‌ಮನ್ನರು ಕಾಗದದ ಮೇಲೆ ಬರೆದುಕೊಂಡರು. ಟ್ರಾನ್ಸ್‌ಫಾರ್ಮರಿನ 110 ವೋಲ್ಟ್ ಫ್ಯೂಸ್ ದಾಟಿ ಸ್ಟಾಪ್ ಗುಂಡಿ, ಅಲ್ಲಿಂದ ಕಾಲು ಬ್ರೇಕಿನ ಪೆಡಲ್ ಕೆಳಗಿನ ಸ್ವಿಚ್, ಅಲ್ಲಿಂದ ಗೇರುಗಳ ಮುಚ್ಚಳದ ಲಿಮಿಟ್ ಸ್ವಿಚ್, ನಂತರ ಓವರ್‌ಲೋಡ್ ರಿಲೇಯ ಕಾಂಟ್ಯಾಕ್ಟ್, ಸ್ಟಾರ್ಟ್ ಗುಂಡಿ, ಕೊನೆಗೆ ಕಾಂಟ್ಯಾಕ್ಟರ್ ಕಾಯಿಲ್. ಇವೆಲ್ಲ ಒಂದೇ ಸರದ ಮಣಿಗಳು. ಮೊದಲ ನಾಲ್ಕರಲ್ಲಿ ಯಾವುದು ಕ್ಷಣಕಾಲ ಬಿಟ್ಟರೂ ಯಂತ್ರ ನಿಲ್ಲುತ್ತದೆ. ಕಾಯಿಲಿನ ಒಂದು ತಂತಿಯನ್ನೂ ಕಂಟ್ರೋಲ್ ಫ್ಯೂಸನ್ನೂ ಬಿಚ್ಚಿಸಿದರು. ಇಲ್ಲವಾದರೆ ಮೀಟರ್ ಬಳಸುದಾರಿಯಲ್ಲಿ ಟ್ರಾನ್ಸ್‌ಫಾರ್ಮರಿನ ಸುರುಳಿಯನ್ನು ಅಳೆದು ಮೋಸಗೊಳಿಸುತ್ತದೆ.

ಮೊದಲ ಅಳತೆ ಸರದ ಮೊದಲರ್ಧಕ್ಕೆ, ಅಂದರೆ ಸ್ಟಾಪ್ ಗುಂಡಿ ಮತ್ತು ಬ್ರೇಕ್ ಸ್ವಿಚ್. ಮೀಟರ್ ಸೊನ್ನೆಯ ಹತ್ತಿರ ಸ್ಥಿರವಾಗಿ ನಿಂತಿತು. ಎರಡನೆಯದು ಉಳಿದರ್ಧಕ್ಕೆ. ಸುತ್ತಿಗೆಯ ಮರದ ಹಿಡಿಯಿಂದ ಯಂತ್ರದ ಮೈಯನ್ನು ಮೆಲ್ಲನೆ ತಟ್ಟಲು ಹೇಳಿದರು. ಗೇರಿನ ಮುಚ್ಚಳದ ಮೇಲೆ ತಟ್ಟಿದಾಗ ಅಂಕಿ ಜಿಗಿಯಿತು. ಮೂರನೆಯ ಅಳತೆ ಲಿಮಿಟ್ ಸ್ವಿಚ್ ಒಂದಕ್ಕೇ, ಅಲ್ಲಿಯೂ ಜಿಗಿತ. ಮುಚ್ಚಳದ ಕೀಲು ಸವೆದು, ಸ್ವಿಚ್ಚನ್ನು ಒತ್ತುವ ತಗಡಿನ ಪಟ್ಟಿ ಬಾಗಿತ್ತು. ಯಂತ್ರ ನಡುಗಿದಾಗ ಸ್ವಿಚ್ ಕೂದಲೆಳೆಯಷ್ಟು ಬಿಡುತ್ತಿತ್ತು. ಫೋನ್ ಮಾಡಿ ಒಂದೂವರೆ ಗಂಟೆಯಾಗಿತ್ತು.

ಈಗ ಬಂತು ಸಂಕಟ. ಪಟ್ಟಿಯನ್ನು ನೆಟ್ಟಗೆ ಮಾಡಿ, ಕೀಲು ಬಿಗಿಗೊಳಿಸಲು ಮುಚ್ಚಳವನ್ನೇ ಬಿಚ್ಚಬೇಕು, ಫಿಟ್ಟರ್ ಮಧ್ಯಾಹ್ನದ ಮೇಲೆ ಬರುವವನು. ಎಲೆಕ್ಟ್ರಿಷಿಯನ್ ಹೇಳಿದ: "ಸಾಹುಕಾರ್ರ, ಆ ಸ್ವಿಚ್ಚಿಗೆ ಒಂದು ವೈರ್ ಜೋಡಿಸಿಬಿಟ್ರ ಎರಡು ನಿಮಿಷದ ಕೆಲಸರಿ." ಮಾಲೀಕರು ನನ್ನ ಮುಖ ನೋಡಿದರು. ಹೊರಗೆ ಮಾಲು ಒಯ್ಯಲು ಬಂದ ಗಾಡಿ ನಿಂತಿತ್ತು. ಅವರ ಸ್ಥಾನದಲ್ಲಿದ್ದರೆ ನಾನೂ ಒಪ್ಪುತ್ತಿದ್ದೆನೇನೋ. ಫೋನಿನಲ್ಲಿ ಫೋರ್‌ಮನ್ನರಿಗೆ ಮಾತು ಕೇಳಿಸಿತ್ತು. ಅವರು ದನಿ ಏರಿಸಲಿಲ್ಲ. "ಹಂಗ ಮಾಡೂದಿದ್ರ ನಾ ಫೋನ್ ಇಡ್ತೀನ್ರಿ. ಆ ಮುಚ್ಚಳದ ಒಳಗ ಹಲ್ಲಿನ ಗಾಲಿ ತಿರುಗ್ತಾವ. ಯಾರದರ ಅಂಗಿ ತೋಳು ಸಿಕ್ಕಿದ ದಿನ ವೈರ್ ಜೋಡಿಸಿದವನ ಹೆಸರು ಯಾರಿಗೂ ನೆನಪಿರೂದಿಲ್ಲ."

ಆಗ ಜಾರಿಯಲ್ಲಿದ್ದ 1948ರ ಕಾರ್ಖಾನೆಗಳ ಕಾಯ್ದೆಯ 21ನೆಯ ಕಲಮು ಯಂತ್ರಗಳ ಚಲಿಸುವ ಅಪಾಯಕಾರಿ ಭಾಗಗಳಿಗೆ ಭದ್ರ ರಕ್ಷಣೆಯನ್ನು ಕಡ್ಡಾಯಗೊಳಿಸಿತ್ತು. ಕೆಲಸಗಾರರ ಸಂಖ್ಯೆ ಕಡಿಮೆಯಿರುವ ಈ ಕಾರ್ಯಾಗಾರ ಕಾಯ್ದೆಯ ವ್ಯಾಪ್ತಿಗೆ ಬರುತ್ತಿರಲಿಲ್ಲವೆಂಬ ವಾದವನ್ನು ನಾನು ಮಾಡಬಹುದಿತ್ತು; ಮಾಡಲಿಲ್ಲ. ಮಾಲೀಕರು ಗಾಡಿಯನ್ನು ಕಳಿಸಿಬಿಟ್ಟರು.

ಕೆಂಪು ತಂತಿ ಮತ್ತು ಲೆಡ್ಜರ್

ಫಿಟ್ಟರ್ ಬರುವವರೆಗೆ ಸಮಯವಿತ್ತು. ಫೋರ್‌ಮನ್ನರು ಮತ್ತೆ ಸರದ ಮೊದಲರ್ಧಕ್ಕೆ ಮೀಟರ್ ಹಿಡಿಸಿ, ಕಾಲು ಬ್ರೇಕನ್ನು ಒತ್ತಲು ಹೇಳಿದರು. ಒತ್ತಿದಾಗ ಸ್ವಿಚ್ ತೆರೆದು, ಮೀಟರ್ ಸರ ಕಡಿದಿದೆಯೆಂದು ತೋರಿಸಬೇಕು. ತೋರಿಸಲಿಲ್ಲ, ಸೊನ್ನೆಯಲ್ಲೇ ನಿಂತಿತು. ನಂಬರಿಲ್ಲದ ಆ ಕೆಂಪು ತಂತಿ ಬ್ರೇಕ್ ಸ್ವಿಚ್ಚಿನ ಎರಡು ಟರ್ಮಿನಲ್‌ಗಳನ್ನು ನೇರವಾಗಿ ಕೂಡಿಸಿತ್ತು. ಎಂದೋ ಯಾರೋ 'ಎರಡು ನಿಮಿಷದ ಕೆಲಸ' ಮಾಡಿ ಹೋಗಿದ್ದರು. ಪೆಡಲ್ ತುಳಿದರೆ ಬ್ರೇಕ್ ಹಿಡಿಯುತ್ತದೆ, ಆದರೆ ಮೋಟಾರಿಗೆ ವಿದ್ಯುತ್ ತಪ್ಪುವುದಿಲ್ಲ. ಮೋಟಾರ್ ಬ್ರೇಕಿನೊಡನೆ ಗುದ್ದಾಡುತ್ತದೆ. ಮೊದಲು ಸ್ಟಾಪ್ ಒತ್ತಿ ಆಮೇಲೆ ಪೆಡಲ್ ತುಳಿಯುವ ಹಳೆಯ ಕೆಲಸಗಾರನಿದ್ದಾಗ ಇದು ಬಾಧಿಸಿರಲಿಲ್ಲ. ಅವನು ಹೋದ ಮೇಲೆ ಬಂದವರು ಪೆಡಲನ್ನಷ್ಟೇ ತುಳಿಯುತ್ತಿದ್ದರು.

"ಮೋಟಾರ್ ಈ ಮೊದಲ ಸುಟ್ಟಿತ್ತೇನ್ರಿ?" ಎಂದು ಅವರು ಕೇಳಿದರು. ಮಾಲೀಕರಿಗೆ ಒಮ್ಮೆ ಸುಟ್ಟದ್ದು ನೆನಪಿತ್ತು. ಆಗ ನನ್ನ ಕೈಯಲ್ಲಿದ್ದ ಲೆಡ್ಜರ್ ಮೊದಲ ಬಾರಿಗೆ ಉಪಯೋಗಕ್ಕೆ ಬಂತು. ರಿಪೇರಿ ಖಾತೆಯನ್ನೂ ಅದರ ವೋಚರ್‌ಗಳನ್ನೂ ತಿರುವಿದಾಗ ನಾಲ್ಕು ವರ್ಷಗಳಲ್ಲಿ ಮೂರು ಬಾರಿ ರಿವೈಂಡಿಂಗ್ ಬಿಲ್ಲುಗಳು ಸಿಕ್ಕವು; ಮೂರೂ ಹಳೆಯ ಕೆಲಸಗಾರ ಬಿಟ್ಟ ನಂತರದವು. ಅವು ಪ್ರತಿ ವರ್ಷ ನನ್ನ ಕಣ್ಣ ಮುಂದೆಯೇ ಹಾದುಹೋಗಿದ್ದವು. ಬಿಲ್ಲಿದೆ, ಸಹಿಯಿದೆ, ಮೊತ್ತ ಸರಿಯಿದೆ ಎಂದು ಗುರುತು ಹಾಕಿದ್ದೆ. ಒಂದೇ ಮೋಟಾರ್ ಏಕೆ ಮತ್ತೆ ಮತ್ತೆ ಸುಡುತ್ತಿದೆಯೆಂದು ಕೇಳುವುದು ಲೆಕ್ಕಪರಿಶೋಧಕನ ಕೆಲಸವಲ್ಲವೆಂದು ನಾನು ತಿಳಿದಿದ್ದೆ.

ಓವರ್‌ಲೋಡ್ ರಿಲೇ ಏಕೆ ಕಾಪಾಡಲಿಲ್ಲವೆಂಬ ಪ್ರಶ್ನೆಗೂ ಚಿತ್ರದಲ್ಲೇ ಉತ್ತರವಿತ್ತು. ಆರರಿಂದ ಹತ್ತು ಆಂಪಿಯರ್ ವ್ಯಾಪ್ತಿಯ ರಿಲೇಯನ್ನು ಯಾರೋ 'ಪದೇ ಪದೇ ಬೀಳುತ್ತದೆ' ಎಂದು ಹತ್ತಕ್ಕೆ ತಿರುಗಿಸಿಟ್ಟಿದ್ದರು. ಏಳೂವರೆ ಆಂಪಿಯರ್ ಮೋಟಾರಿಗೆ ಅದು ಏಳೂವರೆಯ ಬಳಿ ಇರಬೇಕು.

ಈ ಅನುಭವದಿಂದ ಸದಸ್ಯರಿಗೆ ನನ್ನ ಕ್ಷೇತ್ರದಿಂದಲೇ ಒಂದು ಸಲಹೆ ಕೊಡಬಯಸುತ್ತೇನೆ. 'ಎಲೆಕ್ಟ್ರಿಕ್ ಕೆಲಸ, ರೂ. 1,800' ಎಂಬ ವೋಚರ್ ತೆರಿಗೆ ಲೆಕ್ಕಕ್ಕೆ ಸಾಲಬಹುದು, ಯಂತ್ರಕ್ಕೆ ಸಾಲದು. ಯಾವ ಯಂತ್ರ, ಏನು ಕಂಡುಬಂತು, ಏನು ಬದಲಾಯಿಸಲಾಯಿತು, ಎಷ್ಟು ಗಂಟೆ ಕೆಲಸ ನಿಂತಿತು ಎಂಬ ನಾಲ್ಕು ಮಾತುಗಳನ್ನು ವೋಚರಿನ ವಿವರಣೆಯಲ್ಲಿ ಬರೆಯಿಸಿ. ಪ್ರತಿ ಯಂತ್ರಕ್ಕೂ ಲೆಡ್ಜರಿನಲ್ಲಿ ಒಂದು ಪುಟ ಕೊಡಿ. ನಿಂತ ಗಂಟೆಗಳನ್ನು ಬರೆಯುವುದು ಅನೇಕರಿಗೆ ವಿಚಿತ್ರವೆನಿಸೀತು. ಉದಾಹರಣೆಗೆ, ಒಂದು ಲೇತ್ ಗಂಟೆಗೆ 400 ರೂಪಾಯಿ ದುಡಿಯುತ್ತದೆಂದು ಭಾವಿಸಿದರೆ ಎರಡು ದಿನಗಳ ಹದಿನಾರು ಗಂಟೆಗಳಿಗೆ 6,400 ರೂಪಾಯಿ ಹೋಯಿತು. ಈ ನಷ್ಟಕ್ಕೆ ಬಿಲ್ಲು ಬರುವುದಿಲ್ಲ, ಆದ್ದರಿಂದ ಯಾವ ಪುಸ್ತಕದಲ್ಲೂ ಕಾಣುವುದಿಲ್ಲ. ತಜ್ಞರನ್ನು ಕರೆಸುವ ಪ್ರಯಾಣಭತ್ಯೆ ಮಾತ್ರ ದುಬಾರಿಯಾಗಿ ಕಾಣುತ್ತದೆ. ಫೋನಿನಲ್ಲಿ ಪಡೆದ ಸಲಹೆಗೂ ಸಂಭಾವನೆ ಕೊಡುವುದು ನ್ಯಾಯ. ಪುಕ್ಕಟೆ ಸಲಹೆ ಕೇಳಲು ಸಂಕೋಚಪಟ್ಟು, ಕರೆ ಮಾಡುವುದನ್ನೇ ಮುಂದೂಡಿ, ಅಷ್ಟರಲ್ಲಿ ಮೋಟಾರ್ ಬಿಚ್ಚಿಸಿಬಿಟ್ಟವರನ್ನು ನಾನು ಬಲ್ಲೆ.

ಫೋನಿನ ಮಿತಿಯನ್ನೂ ಹೇಳಬೇಕು. ಸುಟ್ಟ ವಾಸನೆ, ಮೈಗೆ ಷಾಕ್ ಹೊಡೆಯುವ ಯಂತ್ರ, ನೀರು ನುಗ್ಗಿದ ಪ್ಯಾನೆಲ್, ವಿದ್ಯುತ್ ಹರಿಯುತ್ತಿರುವಾಗಲೇ ಅಳೆಯಬೇಕಾದ ದೋಷ: ಇವು ದೂರದಿಂದ ನೋಡುವ ಕೆಲಸಗಳಲ್ಲ. ಅಲ್ಲಿ ಮೇನ್ ಇಳಿಸಿ, ಅರ್ಹ ವ್ಯಕ್ತಿ ಬರುವವರೆಗೆ ಕಾಯಬೇಕು.

ಆ ಸಂಜೆ ಫಿಟ್ಟರ್ ಬಂದು ಪಟ್ಟಿಯನ್ನು ಸರಿಪಡಿಸಿ, ಕೀಲಿಗೆ ಹೊಸ ಪಿನ್ನು ಹಾಕಿದ. ಕೆಂಪು ತಂತಿಯನ್ನು ತೆಗೆದು, ಬ್ರೇಕ್ ಸ್ವಿಚ್ಚನ್ನು ಬದಲಾಯಿಸಿ, ರಿಲೇಯನ್ನು ಏಳೂವರೆಗೆ ಇಳಿಸಲಾಯಿತು. ಫ್ಯೂಸ್‌ಗಳನ್ನು ಮಾಲೀಕರೇ ಮೇಜಿನಿಂದ ತಂದುಕೊಟ್ಟರು. ಶಾಫ್ಟ್‌ಗಳು ಮೂರನೆಯ ದಿನ ಹೋದವು, ಒಂದು ದಿನದ ವಿಳಂಬಕ್ಕೆ ಗಿರಾಕಿ ಗೊಣಗಿದನಂತೆ. ಫೋರ್‌ಮನ್ನರು ಕಾಗದದ ಮೇಲೆ ಬರೆದುಕೊಂಡಿದ್ದ ಸರ್ಕ್ಯೂಟಿನ ಚಿತ್ರವನ್ನು ಕಳಿಸಿಕೊಟ್ಟರು. ಅದನ್ನು ಮುದ್ರಿಸಿ ಪ್ಯಾನೆಲ್ ಬಾಗಿಲಿನ ಒಳಮೈಗೆ ಅಂಟಿಸಲಾಗಿದೆ. ಹೊಸ ಯಂತ್ರದ ಸಾಲದ ಅರ್ಜಿಯನ್ನು ನಾವು ಆ ವರ್ಷ ಸಲ್ಲಿಸಲಿಲ್ಲ. ಅದರ ಮುಂದಿನ ಎರಡು ವರ್ಷಗಳ ಲೆಕ್ಕ ಮುಗಿಸುವಾಗ ಆ ಲೇತ್‌ನ ಪುಟವನ್ನು ನಾನೇ ಮೊದಲು ತೆರೆದೆ. ರಿವೈಂಡಿಂಗ್ ಬಿಲ್ಲು ಇರಲಿಲ್ಲ.